ನೆಲಕ್ಕಿಂತ ನಾಲ್ಕು ಬೆರಳು ಮೇಲೆ

ಗಾಳ ಹಾಕುವುದರಲ್ಲಿ ಕೊಕ್ಕೆ ಮುಖ್ಯವೋ, ದಾರ ಮುಖ್ಯವೋ, ಕೋಲು ಮುಖ್ಯವೋ ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನನ್ನನ್ನು ಯಾರೂ ಕೇಳುವುದಿಲ್ಲ. ನಾನು ಮೀನು ತಿನ್ನುವವನಲ್ಲ, ತಿನ್ನದವನ ಮಾತಿಗೆ ಕಾಗಿಣಾ ದಂಡೆಯಲ್ಲಿ ಬೆಲೆಯಿಲ್ಲ. ಆದರೂ ಹೇಳಿಬಿಡುತ್ತೇನೆ: ಮುಖ್ಯವಾದದ್ದು ಎರೆ ಯಾವ ಎತ್ತರದಲ್ಲಿ ತೂಗುತ್ತದೆ ಎಂಬುದು. ನೆಲಕ್ಕೆ ತಾಗಿತೋ ಕೆಟ್ಟಿತು. ತೀರಾ ಮೇಲಿತ್ತೋ, ತಳದಲ್ಲಿ ಮಲಗಿದ ಮೀನು ಕಣ್ಣೆತ್ತಿಯೂ ನೋಡುವುದಿಲ್ಲ. ನೆಲಕ್ಕಿಂತ ನಾಲ್ಕು ಬೆರಳು ಮೇಲೆ, ಅಷ್ಟೇ.

ನಾಲ್ಕೇ ಬೆರಳು ಯಾಕೆ ಎನ್ನುತ್ತೀರಾ? ನಮ್ಮ ಕಡೆಯ ಹೊಳೆಯ ತಳ ಕಂಡವರಾಗಿದ್ದರೆ ಈ ಪ್ರಶ್ನೆ ಬರುತ್ತಿರಲಿಲ್ಲ. ಸೇಡಂ, ಚಿತ್ತಾಪುರ, ಶಹಾಬಾದ್, ಇದೆಲ್ಲ ಸುಣ್ಣಕಲ್ಲಿನ ಸೀಮೆ. ಊರೂರಿನ ಪಡಸಾಲೆಗೆ, ರೈಲ್ವೆ ಪ್ಲಾಟ್‌ಫಾರ್ಮಿಗೆ ಹಾಸಿದ ಶಹಾಬಾದ್ ಫರಸಿ ಇಲ್ಲಿಂದ ಎದ್ದು ಹೋದದ್ದು. ಫರಸಿಯಾಗದೆ ಉಳಿದದ್ದನ್ನು ವಾಡಿ, ಮಳಖೇಡ, ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಗಳು ಹಗಲೂ ರಾತ್ರಿ ಪುಡಿ ಮಾಡುತ್ತಿವೆ. ಅದಕ್ಕೂ ಸಿಗದೆ ಉಳಿದದ್ದು ಎಷ್ಟೋ ಕಡೆ ಹೊಳೆಯ ತಳದಲ್ಲಿ ಪದರು ಪದರಾಗಿ ಬಿದ್ದುಕೊಂಡಿದೆ. ಆ ಪದರಿನ ಸಂದಿಗೆ ಕೊಕ್ಕೆ ಹೊಕ್ಕರೆ ಮುಗಿಯಿತು. ಎಳೆದರೆ ದಾರ ಹರಿಯುತ್ತದೆ, ಸಡಿಲ ಬಿಟ್ಟರೆ ಇನ್ನೂ ಒಳಗೆ ಹೋಗುತ್ತದೆ. ಆಗ ದಂಡೆಯ ಮೇಲೆ ಕೂತವನ ಬಾಯಿಂದ ಬರುವ ಮಾತನ್ನು ಅಚ್ಚು ಹಾಕಲು ಬರುವುದಿಲ್ಲ.

ನನಗೆ ಈ ವಿಷಯ ತಲೆಗೆ ಹತ್ತಿದ್ದು ಅಮೆರಿಕದಿಂದ. ನಗಬೇಡಿ. ಅಕ್ಕನ ಮಗ ಮಿನೆಸೋಟಾದಲ್ಲಿದ್ದಾನೆ. ಅಲ್ಲಿ ಕೆರೆಗಳಿಗೆ ಲೆಕ್ಕವಿಲ್ಲ, ಚಳಿಗಾಲದಲ್ಲಿ ಅವು ಹೆಪ್ಪುಗಟ್ಟಿದಾಗ ಮೇಲೆ ತೂತು ಕೊರೆದು ಗಾಳ ಬಿಡುವ ಜನವೂ ಇದ್ದಾರೆ. ಒಂದು ರಾತ್ರಿ ಫೋನು ಮಾಡಿ, ಕ್ಷೇಮ ಸಮಾಚಾರ ಕೇಳುವ ಮೊದಲೇ, “ಮಾಮಾ, ಇಲ್ಲಿ ಎರಿಹುಳಕ್ಕ ಇಂಜೆಕ್ಷನ್ ಮಾಡ್ತಾರ್ರಿ” ಅಂದ. ರೋಗ ಬಂದದೇನೋ ಅಂದೆ. ರೋಗವಲ್ಲವಂತೆ, ಗಾಳಿ! ಹುಳದ ಮೈಯೊಳಗೆ ಸೂಜಿಯಿಂದ ಒಂದಿಷ್ಟು ಗಾಳಿ ತುಂಬಿದರೆ ಅದು ತಳಕ್ಕೆ ಬೀಳದೆ ನೀರಿನಲ್ಲಿ ಎದ್ದು ನಿಲ್ಲುತ್ತದೆ. ಅಷ್ಟು ತಾಳ್ಮೆ ಇಲ್ಲದವರಿಗೆ ತೇಲುವ ಜಿಗ್ ಎಂಬುದೊಂದು ಅಂಗಡಿಯಲ್ಲಿ ಸಿಗುತ್ತದೆ. ಕೊಕ್ಕೆಯ ಕುತ್ತಿಗೆಗೆ ಬಟಾಣಿಯಷ್ಟು ಹಗುರಾದ ಬುರುಡೆ, ಅದಕ್ಕೆ ಕಿತ್ತಳೆಯೋ ಹಸಿರೋ ಬಣ್ಣ, ಮೇಲೆ ಎರಡು ಕಣ್ಣು ಬೇರೆ ಬರೆದಿರುತ್ತಾರೆ. ದಾರದಲ್ಲಿ ಒಂದಷ್ಟು ಹಿಂದಕ್ಕೆ ಸೀಸದ ಗುಂಡು. ಗುಂಡು ನೆಲ ಹಿಡಿದು ಕೂರುತ್ತದೆ, ಬುರುಡೆ ಎರೆಯನ್ನು ಎತ್ತಿ ಹಿಡಿಯುತ್ತದೆ. ಎರೆ ಎಂದರೆ ಜೀವಂತ ಎರೆಹುಳ, ಜಿಗಣೆ, ಇಲ್ಲವೇ ಬೆರಳುದ್ದದ ಮರಿಮೀನು.

ಇಷ್ಟೆಲ್ಲ ಉಪಚಾರ ಯಾರಿಗೆ? ವಾಲೈ ಎಂಬ ಮೀನಿಗೆ. 1965ರಲ್ಲಿ ಮಿನೆಸೋಟಾ ಅದನ್ನು ರಾಜ್ಯದ ಮೀನು ಎಂದು ಘೋಷಿಸಿದೆ. ಬೆಕ್ಕಿನ ಕಣ್ಣಿನಲ್ಲಿರುವಂಥ ಹೊಳೆಯುವ ಪದರು ಅದರ ಕಣ್ಣಿನ ಹಿಂದೆಯೂ ಉಂಟು, ಹಾಗಾಗಿ ಮಬ್ಬುಗತ್ತಲೆಯಲ್ಲಿ ಅದಕ್ಕೆ ಚೆನ್ನಾಗಿ ಕಾಣುತ್ತದೆ. ಹಗಲೆಲ್ಲ ತಳದಲ್ಲಿದ್ದು ಸಂಜೆ ಬೇಟೆಗೆ ಏಳುತ್ತದೆ. ನಮ್ಮೂರ ಕಟ್ಟೆಯ ಮೇಲಿನ ಕೆಲವರ ದಿನಚರಿಯೂ ಇದೇ ಆದ್ದರಿಂದ ನನಗೆ ಹೊಸದೆನಿಸಲಿಲ್ಲ.

ಅಳಿಯ ಊರಿಗೆ ಬಂದಾಗ ಅಂಥ ಜಿಗ್ಗುಗಳ ಒಂದು ಪೊಟ್ಟಣ ತಂದ. ಅದನ್ನು ಹಿಡಿದುಕೊಂಡು ನಾವಿಬ್ಬರೂ ಹೋದದ್ದು ಶಹಾಬಾದಿನ ಹತ್ತಿರ, ಹೊನಗುಂಟಾ ಕಡೆ. ಕಾಗಿಣಾ ಬಂದು ಭೀಮೆಗೆ ಕೂಡುವ ಜಾಗ ಅದು. ಅಲ್ಲಿ ದಿನಾ ಕೂರುವ ಒಬ್ಬ ಮುತ್ಯಾ ಇದ್ದಾನೆ. ಮುತ್ಯಾ ಜಿಗ್ಗನ್ನು ಅಂಗೈಯಲ್ಲಿಟ್ಟು ತಿರುಗಿಸಿ ನೋಡಿದ. ಆ ಬರೆದ ಕಣ್ಣುಗಳನ್ನೂ ನೋಡಿದ. “ಚಂದ ಅದ. ಇದು ಮೀನಿಗಿ ತೋರ್ಸಾಕೋ, ಮಂದಿಗಿ ಮಾರಾಕೋ?” ಎಂದು ಕೇಳಿ ತನ್ನ ಚೀಲ ಬಿಚ್ಚಿದ.

ಚೀಲದಲ್ಲಿ ಒಂದು ಹರಿದ ಹವಾಯಿ ಚಪ್ಪಲಿ. ಅದರ ಹಿಮ್ಮಡಿಯಿಂದ ಬ್ಲೇಡಿನಲ್ಲಿ ಕಡಲೆಗಾತ್ರದ ತುಂಡು ಕೊಯ್ದು, ಸೂಜಿಯಿಂದ ತೂತು ಮಾಡಿ, ನೈಲಾನ್ ದಾರ ತೂರಿಸಿ ಕೊಕ್ಕೆಯ ಬೆನ್ನಿಗೇ ಕೂರಿಸಿದ. ಗೇಣುದ್ದ ಹಿಂದೆ ಲಾರಿಯದೊಂದು ನಟ್ಟು ಕಟ್ಟಿದ. ಬಿಗಿಯಾಗಿ ಅಲ್ಲ, ತೆಳ್ಳನೆಯ ಬೇರೆ ದಾರದಲ್ಲಿ. ಕಲ್ಲಿನ ಸಂದಿಗೆ ನಟ್ಟು ಸಿಕ್ಕಿದರೆ ಆ ತೆಳುದಾರವಷ್ಟೇ ಹರಿಯಬೇಕು, ಕೊಕ್ಕೆ ಮೀನು ಎಲ್ಲ ಕೈಗೆ ಬರಬೇಕು. ಅಳಿಯ ಬಾಯಿ ತೆರೆದು ನೋಡುತ್ತಿದ್ದ. ಅವನ ಪೊಟ್ಟಣದ ಮೇಲೆ ಇಂಗ್ಲಿಷಿನಲ್ಲಿ ಬರೆದಿದ್ದ ಉಪದೇಶದಲ್ಲಿ ಈ ತೆಳುದಾರದ ಮಾತೇ ಇರಲಿಲ್ಲ.

ಎರೆಹುಳ ಎಲ್ಲಿಂದ ತರುತ್ತೀ ಮುತ್ಯಾ ಎಂದರೆ ಅದೊಂದು ಬೇರೆ ಪುರಾಣ. ಬೇಸಿಗೆಯಲ್ಲಿ ನಮ್ಮ ಕರಿಭೂಮಿ ಕಾಲು ಹೊಗುವಷ್ಟು ಬಿರಿದಿರುತ್ತದೆ. ತೊಗರಿ ಹೊಲದಲ್ಲಿ ಎಷ್ಟು ಅಗೆದರೂ ಹುಳ ಸಿಗದು. ಹುಳ ಇರುವುದು ಮನೆ ಹಿಂದಿನ ಬಚ್ಚಲ ನೀರು ಹರಿಯುವ ಕಡೆ, ಬಟ್ಟೆ ಒಗೆಯುವ ಹಾಸುಗಲ್ಲಿನ ಕೆಳಗೆ. ಕಲ್ಲನ್ನು ಒಂದು ಮಗ್ಗುಲಿಂದ ಮೆಲ್ಲಗೆ ಎತ್ತಬೇಕು, ಬೆಳಕು ಬಿದ್ದ ಕೂಡಲೇ ಕೆಂಪಗಿನವು ನೆಲಕ್ಕಿಳಿಯುವ ಮುಂಚೆ ಚಿವುಟಿ ಹಿಡಿಯಬೇಕು, ಮನೆಯವಳು ಬರುವುದರೊಳಗೆ ಕಲ್ಲು ಮೊದಲಿದ್ದಂತೆ ಕೂರಿಸಬೇಕು. ಮೂರನೆಯದೇ ಕಷ್ಟದ್ದಂತೆ. ಹಿಡಿದ ಹುಳವನ್ನು ಕೊಕ್ಕೆಗೆ ಪೂರ್ತಿ ಪೋಣಿಸುವವರು ಅವಸರದವರು. ಮುತ್ಯಾ ತಲೆಯ ಹತ್ತಿರ ಒಂದೇ ಕಡೆ ಚುಚ್ಚಿ ಉಳಿದ ಮೈಯನ್ನು ಹೊರಳಾಡಲು ಬಿಡುತ್ತಾನೆ. “ಸತ್ತದ್ದು ಯಾರ್ ತಿಂತಾರ್ರಿ?” ಅಂದ. ನಾನು ಯಾವುದನ್ನೂ ತಿನ್ನದವನಾದ್ದರಿಂದ ಸುಮ್ಮನಿದ್ದೆ.

ಇದನ್ನೆಲ್ಲ ಹುಡುಗಾಟ ಎಂದುಕೊಂಡರೆ ಅದು ನಿಮ್ಮ ಅರಿವಿನ ಕೊರತೆ. ಚಿಂಚೋಳಿಯ ಆಚೆ, ದೂರವೇನಲ್ಲ, ಬಸವಕಲ್ಯಾಣ ಇದೆ. 12ನೇ ಶತಮಾನದಲ್ಲಿ ಅಲ್ಲಿ ಆಳಿದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥ ಬರೆದ. ನೂರು ಅಧ್ಯಾಯ, ರಾಜ್ಯಭಾರದಿಂದ ಅಡುಗೆಯವರೆಗೆ ಏನಿಲ್ಲ ಅದರಲ್ಲಿ! ವಿನೋದಗಳ ಭಾಗದಲ್ಲಿ ಮತ್ಸ್ಯವಿನೋದ ಅಂತಲೇ ಒಂದು ಅಧ್ಯಾಯ ಉಂಟು. ಯಾವ ಮೀನು ಎಂಥದ್ದು, ಯಾವುದಕ್ಕೆ ಯಾವ ಎರೆ, ಎಲ್ಲ ಕೂಲಂಕಷವಾಗಿ. ಸುಂದರಲಾಲ ಹೋರಾ ಎಂಬ ಮೀನುಶಾಸ್ತ್ರಜ್ಞರು 1951ರಲ್ಲಿ ಇದರ ಮೇಲೆ ಪ್ರಬಂಧವನ್ನೇ ಬರೆದರು. ಗಾಳದ ಬೈಬಲ್ಲು ಎಂದು ಇಂಗ್ಲಿಷರು ಮೆರೆಸುವ ಐಸಾಕ್ ವಾಲ್ಟನ್ನನ ಪುಸ್ತಕ ಬಂದದ್ದು 1653ರಲ್ಲಿ. ನಮ್ಮ ದೊರೆ ಐದು ಶತಮಾನ ಮುಂದೆ! ಇವನ ಅಪ್ಪ ಆರನೇ ವಿಕ್ರಮಾದಿತ್ಯನ ಆಸ್ಥಾನದಲ್ಲೇ ವಿಜ್ಞಾನೇಶ್ವರ ‘ಮಿತಾಕ್ಷರ’ ಬರೆದದ್ದು, ಆತ ಶಹಾಬಾದ್ ಮಗ್ಗುಲಿನ ಮರತೂರಿನವನೆಂದು ನಾವೆಲ್ಲ ಹೆಮ್ಮೆಪಡುತ್ತೇವೆ. ಆಸ್ತಿ ಪಾಲು ಮಾಡುವುದು ಹೇಗೆಂದು ಒಬ್ಬ ಬರೆದ, ಮೀನಿಗೆ ಎರೆ ಹಾಕುವುದು ಹೇಗೆಂದು ಇನ್ನೊಬ್ಬ. ಕೋರ್ಟಿನಲ್ಲಿ ಮೊದಲನೆಯವನ ಹೆಸರು ಇನ್ನೂ ಕೇಳುತ್ತದೆ. ಎರಡನೆಯವನನ್ನು ನದೀದಂಡೆಯವರು ಓದಿಲ್ಲ, ಓದುವ ಅಗತ್ಯವೂ ಅವರಿಗಿಲ್ಲ.

ಮಾತು ಎಲ್ಲಿಗೋ ಹೋಯಿತು. ಕೊರವ ಮೀನಿನ ಸುದ್ದಿ ಹೇಳಬೇಕಿತ್ತು. ನಮ್ಮ ಕಡೆ ಜೀವಂತ ಎರೆಗೆ ಮರುಳಾಗುವುದು ಅದೇ. ಹಾವಿನ ತಲೆ, ಬಾಯಿ ತುಂಬ ಹಲ್ಲು, ಕಪ್ಪೆಮರಿ ಕಂಡರಂತೂ ಬಿಡುವುದಿಲ್ಲ. ಆಗಾಗ ಮೇಲೆ ಬಂದು ಗಾಳಿ ಗುಟುಕರಿಸುವ ಮೀನು ಅದು. ಕೆಸರು ತೇವವಾಗಿದ್ದರೆ ಒಂದು ಗುಂಡಿಯಿಂದ ಇನ್ನೊಂದಕ್ಕೆ ತೆವಳಿಕೊಂಡೂ ಹೋಗುತ್ತದೆ. ಶಹಾಬಾದಿನ ಸುತ್ತ ಕಲ್ಲು ತೆಗೆದು ಬಿಟ್ಟ ಹಳೆಯ ಗಣಿಗಳಲ್ಲಿ ಮಳೆನೀರು ನಿಂತಿರುತ್ತದಲ್ಲ, ಅವುಗಳಲ್ಲಿ ಮೀನು ಎಲ್ಲಿಂದ ಬಂತು ಎಂಬ ಚರ್ಚೆ ಎಂದೂ ಮುಗಿಯದು. ಮಳೆಯ ಜೊತೆ ಆಕಾಶದಿಂದ ಬಿತ್ತು ಎನ್ನುವವರಿದ್ದಾರೆ. ಕೊರವ ಮಾತ್ರ ನಡೆದೇ ಬಂದಿರಬಹುದು ಎಂದು ನನ್ನ ವಾದ. (ಆ ಗಣಿಗಳ ಗೋಡೆ ನೆಟ್ಟಗೆ ಇಳಿದಿರುತ್ತದೆ, ಕಾಲು ಜಾರಿದರೆ ಹಿಡಿಯಲು ಏನೂ ಇಲ್ಲ. ಮಕ್ಕಳನ್ನು ಅಲ್ಲಿಗೆ ಗಾಳ ಹಿಡಿಸಿ ಕಳಿಸಬೇಡಿ.) ತೆಲಂಗಾಣದವರು ಇದೇ ಮೀನನ್ನು ಕೊರಮೀನು ಎಂದು ತಮ್ಮ ರಾಜ್ಯಮೀನಾಗಿ ಮಾಡಿಕೊಂಡಿದ್ದಾರೆ. ಕಾಗಿಣಾ ಹರಿದು ಬರುವುದೂ ಅವರ ತಾಂಡೂರಿನ ಕಡೆಯಿಂದಲೇ. ಹೀಗೆ ಅವರ ರಾಜ್ಯಮೀನು ಟಿಕೀಟು ಇಲ್ಲದೆ ಸೇಡಂ ತಾಲೂಕಿಗೆ ಬಂದು ನಮ್ಮ ಎರೆ ತಿನ್ನುತ್ತದೆ.

ಟಿಕೀಟು ಅಂದಾಗ ನೆನಪಾಯಿತು. ವಾಡಿಯಿಂದ ಚಿತ್ತಾಪುರ, ಸೇಡಂ, ತಾಂಡೂರು ಮೇಲೆ ಸಿಕಂದರಾಬಾದಿಗೆ ನಿಜಾಮರ ಕಾಲದಲ್ಲಿ, 1874ರಲ್ಲಿ ರೈಲು ಬಂತು. ಈಗ ಮಿರಗದ ಮಳೆ ಹೊತ್ತಿಗೆ ಆ ಗಾಡಿಗಳಲ್ಲಿ ಉಬ್ಬಸದವರು ಕಾಣಿಸುತ್ತಾರೆ. ಹೈದರಾಬಾದಿನಲ್ಲಿ ಬತ್ತಿನಿ ಮನೆತನದವರು ಜೂನಿನಲ್ಲಿ ಕೊಡುವ ಮೀನಿನ ಪ್ರಸಾದಕ್ಕೆ ಹೊರಟವರು. ಜೀವಂತ ಕೊರಮೀನಿನ ಮರಿಯ ಬಾಯಿಗೆ ಹಳದಿ ಔಷಧಿ ತುರುಕಿ ಅದನ್ನು ಹಾಗೆಯೇ ರೋಗಿಯ ಗಂಟಲಿಗೆ ಇಳಿಸುತ್ತಾರೆ. ಇದರಿಂದ ಗುಣವಾಗುತ್ತದೆ ಎಂಬುದನ್ನು ವೈದ್ಯರು ಒಪ್ಪುವುದಿಲ್ಲ, ಸರದಿ ಮಾತ್ರ ಕರಗುವುದಿಲ್ಲ. ನೋಡಿ, ನಾವು ಮೀನಿಗೆ ಜೀವಂತ ಎರೆ ಕೊಡುತ್ತೇವೆ, ಅಲ್ಲಿ ಮೀನೇ ಜೀವಂತ ಎರೆ! ನನ್ನಂಥವರಿಗೆ ಬೆಲ್ಲದಲ್ಲಿ ಕೊಡುತ್ತಾರಂತೆ.

ಅಳಿಯನ ಬಣ್ಣದ ಜಿಗ್ಗಿಗೆ ಮೀನು ಬಿತ್ತೇ ಎಂದು ನೀವು ಕೇಳುತ್ತೀರಿ. ಬಿತ್ತು, ಒಂದು ಜಿಲೇಬಿ ಮೀನು. ಮುತ್ಯಾನ ಚಪ್ಪಲಿಗೂ ಬಿತ್ತು. ಯಾವುದು ದೊಡ್ಡದು ಎಂಬ ವಾದಕ್ಕೆ ನಾನು ಸಾಕ್ಷಿ ಹೇಳಲಿಲ್ಲ. ಬದಲಿಗೆ ಅಳಿಯನಿಗೆ ಅಶೋಕನ ಕಥೆ ಹೇಳಿದೆ. ಅಶೋಕ ತನ್ನ ಐದನೇ ಸ್ತಂಭಶಾಸನದಲ್ಲಿ ಮುಳ್ಳಿಲ್ಲದ ಮೀನನ್ನು ಕೊಲ್ಲಬಾರದು, ಹುಣ್ಣಿಮೆಯ ಆಸುಪಾಸಿನ ಇಂತಿಂಥ ತಿಥಿಗಳಲ್ಲಿ ಯಾವ ಮೀನನ್ನೂ ಕೊಲ್ಲಬಾರದು, ಮಾರಲೂಬಾರದು ಎಂದು ಕೊರೆಸಿದ್ದಾನೆ. ನಮ್ಮ ಚಿತ್ತಾಪುರ ತಾಲೂಕಿನ ಸನ್ನತಿಯಲ್ಲೂ ಅವನ ಶಾಸನ ಸಿಕ್ಕಿದೆ, ಆದರೆ ಅದು ಬೇರೆ. ಬೇರೆಯವರ ಮತವನ್ನೂ ಗೌರವಿಸಿ ಎಂಬ ಮಾತು ಅದರಲ್ಲಿದೆ, ಮೀನಿನ ಸುದ್ದಿಯಿಲ್ಲ. ಹಾಗಾಗಿ ಭೀಮೆಯ ಮೀನಿಗೆ ಚಕ್ರವರ್ತಿಯಿಂದ ಏನೂ ಲಾಭವಾಗಲಿಲ್ಲ ಅಂದೆ.

ಮುತ್ಯಾ ಎಲ್ಲ ಕೇಳಿಸಿಕೊಂಡಿದ್ದ. “ನಾನೂ ಸೋಮವಾರ ಗಾಳ ಮುಟ್ಟಂಗಿಲ್ರಿ” ಅಂದ. ಭಕ್ತಿಯೇನು ಅಂದೆ. “ಅಲ್ರಿ, ಸೋಮವಾರ ಊರಾಗ ಯಾರೂ ಮೀನು ತಗೊಳಂಗಿಲ್ಲ.”