ನೀಲಿ ಟೋಪಿ ಮತ್ತು ಗೂಡಿನ ಮಾರುಕಟ್ಟೆ

ಮಳೆ ನಿಂತ ಮೇಲೆ ಚನ್ನಪಟ್ಟಣದಿಂದ ನಾವು ಏಳು ಮಂದಿ ಮಡಿಕೇರಿಗೆ ಹೋಗಿದ್ದೆವು. ಹೋದದ್ದು ಮಂಜು ನೋಡಲು. ಮನಸ್ಸಿನಲ್ಲಿ ಉಳಿದದ್ದು ಮಾತ್ರ ಜನರಲ್ ತಿಮ್ಮಯ್ಯನವರ ಮನೆ ‘ಸನ್ನಿ ಸೈಡ್’. 2021ರ ಫೆಬ್ರವರಿಯಲ್ಲಿ ಅದು ವಸ್ತುಸಂಗ್ರಹಾಲಯವಾಯಿತು. ಅವರು ಭೂಸೇನೆಯ ಮುಖ್ಯಸ್ಥರಾಗಿದ್ದುದು ನಮಗೆ ಗೊತ್ತಿತ್ತು. ಆದರೆ ತೀರಿಕೊಂಡದ್ದು ಸೈಪ್ರಸ್ ದ್ವೀಪದಲ್ಲಿ, ಗ್ರೀಕರು ಮತ್ತು ತುರ್ಕರ ನಡುವೆ ನಿಂತಿದ್ದ ವಿಶ್ವಸಂಸ್ಥೆಯ ಪಡೆಯ ದಂಡನಾಯಕರಾಗಿ, 1965ರ ಡಿಸೆಂಬರ್‌ನಲ್ಲಿ ಎಂಬುದು ನಮ್ಮಲ್ಲಿ ಹಲವರಿಗೆ ಹೊಸ ಸುದ್ದಿ. ಮರುವರ್ಷ ಸೈಪ್ರಸ್ ಅವರ ನೆನಪಿಗೆ ಅಂಚೆಚೀಟಿ ಹೊರಡಿಸಿತಂತೆ.

ಅದಕ್ಕೂ ಮೊದಲಿನದು ಕೊರಿಯಾದ ಕಥೆ. 1953ರಲ್ಲಿ, ಸ್ವದೇಶಕ್ಕೆ ಮರಳಲು ಒಪ್ಪದ 22 ಸಾವಿರಕ್ಕೂ ಹೆಚ್ಚು ಯುದ್ಧಕೈದಿಗಳ ಹೊಣೆ ಹೊತ್ತ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ತಿಮ್ಮಯ್ಯನವರೇ ಅಧ್ಯಕ್ಷರು. ಭಾರತದ ಸೈನಿಕರು ತನ್ನ ನೆಲದ ಮೇಲೆ ಕಾಲಿಡಕೂಡದೆಂದು ದಕ್ಷಿಣ ಕೊರಿಯಾ ಹಟ ಹಿಡಿಯಿತು. ಕೊನೆಗೆ ಅವರನ್ನು ಹೆಲಿಕಾಪ್ಟರ್‌ಗಳಲ್ಲಿ ನಿಸ್ಸೈನಿಕ ವಲಯಕ್ಕೆ ಸಾಗಿಸಬೇಕಾಯಿತು. ಜಗಳ ಬಿಡಿಸಲು ಹೋದವನ ಪಾಡು ಎಲ್ಲ ಕಡೆಯೂ ಹೀಗೇ!

ಹಿಂತಿರುಗುವಾಗ ವ್ಯಾನಿನಲ್ಲಿ ಚರ್ಚೆ ಬಿಸಿಯೇರಿತು. ದೂರದವರು ಬಂದು ಎಷ್ಟು ದಿನ ಕಾಯಬಲ್ಲರು? 1964ರಲ್ಲಿ ಸೈಪ್ರಸ್‌ಗೆ ಹೋದ ಪಡೆ ಅರುವತ್ತು ವರ್ಷ ದಾಟಿದರೂ ಅಲ್ಲೇ ಇದೆ. ರುವಾಂಡದಲ್ಲಿ 1994ರ ಏಪ್ರಿಲ್‌ನಲ್ಲಿ ನರಮೇಧ ನಡೆಯುತ್ತಿರುವಾಗಲೇ ಭದ್ರತಾ ಮಂಡಳಿ ತನ್ನ ಪಡೆಯನ್ನು 270 ಮಂದಿಗೆ ಇಳಿಸಲು ನಿರ್ಣಯಿಸಿತು. ಮರುವರ್ಷ ಬೋಸ್ನಿಯಾದ ಸ್ರೆಬ್ರೆನಿಕಾದಲ್ಲಿ, ವಿಶ್ವಸಂಸ್ಥೆಯೇ ‘ಸುರಕ್ಷಿತ’ವೆಂದು ಘೋಷಿಸಿದ್ದ ಊರಿನಲ್ಲಿ, ನೀಲಿ ಟೋಪಿಯ ಡಚ್ ಸೈನಿಕರಿದ್ದಂತೆಯೇ ಸುಮಾರು 8 ಸಾವಿರ ಮುಸ್ಲಿಮ್ ಗಂಡಸರು ಮತ್ತು ಹುಡುಗರು ಕೊಲೆಯಾದರು.

ನಮ್ಮ ನೆರೆಯ ಬೆಂಕಿಗೆ ನಾವೇ ನೀರು ಹಿಡಿದಿರಬೇಕು ಎಂದು ಆಫ್ರಿಕದ ದೇಶಗಳು 2002ರಲ್ಲಿ ಒಪ್ಪಂದ ಮಾಡಿಕೊಂಡು, ಐದು ವಲಯಗಳಲ್ಲಿ ಸನ್ನದ್ಧ ಪಡೆ ಕಟ್ಟಲು ಹೊರಟವು. ಹಣದ ಕೊರತೆ, ದೊಡ್ಡ ದೇಶಗಳ ಹಟ ಇವೆಲ್ಲ ಅಲ್ಲಿಯೂ ಇವೆ. ತರಬೇತಿಗೆ ನಮ್ಮ ದೇಶವೂ ಕೈಜೋಡಿಸಿದೆ. ದಿಲ್ಲಿಯಲ್ಲಿ 2000ದಿಂದ ಶಾಂತಿಪಾಲನಾ ಕೇಂದ್ರವಿದೆ. 2019ರಲ್ಲಿ ಪುಣೆಯಲ್ಲಿ ಆಫ್ರಿಕದ ಸೈನಿಕರೊಡನೆ ಜಂಟಿ ಅಭ್ಯಾಸ ನಡೆಯಿತು. ನಮಗೆ ಇವೆಲ್ಲಕ್ಕಿಂತ ಹಿಡಿಸಿದ್ದು ಲೈಬೀರಿಯಾದ ಸಂಗತಿ. 2007ರಲ್ಲಿ ಅಲ್ಲಿಗೆ ಹೋದ ನಮ್ಮ ಮಹಿಳಾ ಪೊಲೀಸ್ ತುಕಡಿ 2016ರಲ್ಲಿ ಮರಳುವ ಹೊತ್ತಿಗೆ, ಆ ದೇಶದ ಭದ್ರತಾ ಪಡೆಗಳಲ್ಲಿ ಮಹಿಳೆಯರು ಶೇ. 6ರಿಂದ ಶೇ. 17ಕ್ಕೆ ಏರಿದ್ದರು. ಕಾಯಲು ಹೋದವರು ಕಾಯುವವರನ್ನು ಬೆಳೆಸಿ ಬಂದರು.

ಆದರೆ ದಕ್ಷಿಣ ಏಷ್ಯಾದ್ದೇ ವಿಚಿತ್ರ. ಕಾಂಗೋದಲ್ಲಿ ಭಾರತ, ಪಾಕಿಸ್ತಾನದ ಸೈನಿಕರು ಒಂದೇ ಧ್ವಜದಡಿ ದುಡಿದಿದ್ದಾರೆ. ಮನೆಗೆ ಮರಳಿದರೆ ಎದುರುಬದುರು ಬಂದೂಕು.

ಶ್ರೀರಂಗಪಟ್ಟಣ ದಾಟುವವರೆಗೂ ಸುಮ್ಮನಿದ್ದ ಚಾಚಾ ಆಗ ಬಾಯಿಬಿಟ್ಟರು. ಅವರು ರೇಷ್ಮೆಯ ರೀಲರ್. ವಯಸ್ಸಿನಲ್ಲಿ ನಮಗೆಲ್ಲ ಹಿರಿಯರು. “ಕಾಂಗೋ ಇರಲಿ ಮಕ್ಕಳೇ, ಸಾತನೂರಿನ ದಿನ ನಿಮ್ಮಲ್ಲಿ ಯಾರ ಹತ್ತಿರ ಯಾರ ನಂಬರ್ ಇತ್ತು?”

ನಾವು ಮಾತಾಡಲಿಲ್ಲ. 2023ರ ಏಪ್ರಿಲ್ ಮೊದಲ ದಿನ ಕನಕಪುರ ತಾಲೂಕಿನ ಸಾತನೂರಿನ ಬಳಿ ಜಾನುವಾರು ಸಾಗಿಸುತ್ತಿದ್ದವರೊಬ್ಬರ ಶವ ಸಿಕ್ಕಿತ್ತು. ಅಂದು ಮೊಬೈಲ್ ತುಂಬ ಸುದ್ದಿ, ಗಾಳಿಸುದ್ದಿ. ನಿಜ ಯಾವುದೆಂದು ಕೇಳೋಣವೆಂದರೆ ಆ ಕಡೆಯ ಒಬ್ಬ ಹಿಂದೂ ಗೆಳೆಯನ ನಂಬರೂ ನಮ್ಮಲ್ಲಿರಲಿಲ್ಲ. ಗಣೇಶ ಹಬ್ಬಕ್ಕೆ, ಈದ್‌ಗೆ ಶಾಂತಿ ಸಮಿತಿ ಸೇರುತ್ತದೆ, ನಿಜ. ಚಹಾ, ಬಿಸ್ಕತ್ತು, ಒಂದು ಫೋಟೋ. ಹಬ್ಬ ಮುಗಿದರೆ ಸಮಿತಿಯೂ ಮುಗಿಯಿತು.

ಚಾಚಾಗೆ ಅಂದು ಹತ್ತು ಕರೆ ಬಂದಿದ್ದವಂತೆ. ಎಲ್ಲ ಗೂಡು ಬೆಳೆಯುವ ಗೌಡರದು. ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಮೂವತ್ತು ವರ್ಷ ಅವರ ಲಾಟುಗಳಿಗೆ ಹರಾಜು ಕೂಗಿದವರು ಇವರು. ದರಕ್ಕೆ ಬೈದಾಡಿಕೊಂಡದ್ದೂ ಉಂಟು. “ಬೈದಾಡಿದವರೇ ಮೊದಲು ಫೋನ್ ಮಾಡಿದ್ದು” ಎಂದು ನಕ್ಕರು.

ಊರಿಗೆ ಬಂದ ವಾರದಲ್ಲೇ ಒಂದು ನೋಟ್‌ಬುಕ್ ತಂದೆವು. ನಾಲ್ಕು ತಾಲೂಕಿನಿಂದ ನಾಲ್ಕು ನಾಲ್ಕು ಹೆಸರು, ಎರಡೂ ಕಡೆಯವರದು, ರಾತ್ರಿ ಎರಡಕ್ಕೂ ಫೋನ್ ಎತ್ತುವವರದು. ರಾಮನಗರ, ಚನ್ನಪಟ್ಟಣ ಸುಲಭವಾಯಿತು. ಕನಕಪುರಕ್ಕೆ ಎರಡು ಸಲ ಓಡಾಡಿದೆವು. ಮಾಗಡಿಯಿಂದ ಇನ್ನೂ ಒಂದು ಹೆಸರು ಸಿಕ್ಕಿಲ್ಲ. ಬರುವ ಶುಕ್ರವಾರ ನಮಾಝ್ ಮುಗಿಸಿ ತಾವೇ ಹೋಗಿ ಕೇಳಿಬರುವುದಾಗಿ ಚಾಚಾ ಹೇಳಿದ್ದಾರೆ.