ಎತ್ತರದ ಹುಡುಗನನ್ನು ಎಲ್ಲಿ ನಿಲ್ಲಿಸಬೇಕು?

ಪೆರಿಯಕುಳಂ ಪಟ್ಟಣದಲ್ಲಿ ಸಿಲ್ವರ್ ಜ್ಯುಬಿಲಿ ಸ್ಪೋರ್ಟ್ಸ್ ಕ್ಲಬ್ಬಿನವರು ಬೇಸಿಗೆಯಲ್ಲಿ ನಡೆಸುವ ಅಖಿಲ ಭಾರತ ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿಯ ಹೆಸರನ್ನು ಕೇಳದವರು ನಮ್ಮ ತೇನಿ ಸೀಮೆಯಲ್ಲಿ ವಿರಳ. ಅರ್ಧ ಶತಮಾನಕ್ಕೂ ಮಿಗಿಲಾದ ಪರಂಪರೆ ಅದಕ್ಕಿದೆ. ಭಾರತೀಯ ನೌಕಾಪಡೆ, ಭೂಸೇನೆ, ಚೆನ್ನೈನ ಬ್ಯಾಂಕುಗಳು, ಕೇರಳದ ವಿದ್ಯುತ್ ಮಂಡಳಿ ಮೊದಲಾದ ತಂಡಗಳು ಈ ಸಣ್ಣ ಊರಿಗೆ ಬಂದು ಆಡಿವೆ. ಬೆಂಗಳೂರಿನಿಂದ ವಿಜಯಾ ಬ್ಯಾಂಕ್ ತಂಡ ಬಂದಾಗಲೆಲ್ಲ, ಕಂಬಂ ಕಣಿವೆಯ ಕನ್ನಡ ಮನೆಗಳಿಂದ ಹೋದ ನಾವು ನಾಲ್ಕಾರು ಮಂದಿ ಚಪ್ಪಾಳೆಯನ್ನು ಸ್ವಲ್ಪ ಹೆಚ್ಚಾಗಿಯೇ ತಟ್ಟುತ್ತಿದ್ದೆವು. 2019ರ ಏಪ್ರಿಲ್ 1ರಂದು ಆ ಬ್ಯಾಂಕು ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು. ಹೆಸರು ಬದಲಾಯಿತು, ನಮ್ಮ ಪಕ್ಷಪಾತ ಬದಲಾಗಲಿಲ್ಲ.

ಸಾಹಿತ್ಯ ಸಮಾವೇಶದ ಸ್ಮರಣ ಸಂಚಿಕೆಗೆ ಚೆಂಡಾಟದ ವಿಷಯವೇಕೆ ಎಂದು ಸಂಘದ ಬಂಧುಗಳು ಕೇಳಬಹುದು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಕಚೇರಿಯಲ್ಲಿ ಇಂಗ್ಲಿಷ್ ಎಂಬ ಬಾಳು ನಮ್ಮದು. ನಮ್ಮ ಮಕ್ಕಳು ಈ ಆಟವನ್ನು ‘ಕೂಡೈಪಂದು’ ಎಂದೇ ಕಲಿತವರು. ಕೂಡೈ ಎಂದರೆ ಬುಟ್ಟಿ, ಪಂದು ಎಂದರೆ ಚೆಂಡು. ಆದರೆ ಈ ಬುಟ್ಟಿ ಚೆಂಡಿನ ವಿಷಯವಾಗಿ ಕಳೆದೆರಡು ವರ್ಷ ನಮ್ಮ ಮನೆಯಲ್ಲಿ ನಡೆದ ಚರ್ಚೆಯೆಲ್ಲವೂ ಕನ್ನಡದಲ್ಲಿಯೇ ನಡೆಯಿತು. ಅದರಲ್ಲಿ ಒಬ್ಬ ಹುಡುಗನ ವಿದ್ಯಾಭ್ಯಾಸದ ಪ್ರಶ್ನೆಯೂ ಅಡಗಿತ್ತು. ಆದ್ದರಿಂದ ಅದನ್ನು ಇಲ್ಲಿ ಹೇಳುವುದು ಅನುಚಿತವಾಗದೆಂದು ಭಾವಿಸಿದ್ದೇನೆ.

ನಾನು ಆಟಗಾರನಲ್ಲ. ಶಾಲೆಯ ಪಂದ್ಯಗಳಲ್ಲಿ ಮೇಜಿನ ಹಿಂದೆ ಕುಳಿತು ಅಂಕ ಬರೆದವನು, ಗಡಿಯಾರ ನೋಡಿದವನು. ಹಾಗೆ ಬರೆಯುತ್ತ ಬರೆಯುತ್ತ ಈ ಆಟದ ಒಂದು ಒಗಟು ನನ್ನನ್ನು ಹಿಡಿದುಕೊಂಡಿತು. ರಿಂಗು ನೆಲದಿಂದ 3.05 ಮೀಟರ್ ಎತ್ತರದಲ್ಲಿದೆ. ಹಾಗಿದ್ದ ಮೇಲೆ ತಂಡದಲ್ಲಿ ಎಲ್ಲರಿಗಿಂತ ಎತ್ತರದವನನ್ನು ಅದರ ಕೆಳಗೆ ನಿಲ್ಲಿಸಿ ಚೆಂಡನ್ನು ಅವನ ಕೈಗೆ ಕೊಟ್ಟರೆ ಸಾಲದೆ? ತರಬೇತುದಾರರು ಅಷ್ಟೊಂದು ತಲೆ ಕೆಡಿಸಿಕೊಳ್ಳುವುದೇಕೆ?

ಇದಕ್ಕೆ ಉತ್ತರ ಆಟದ ಚರಿತ್ರೆಯಲ್ಲಿಯೇ ಇದೆ. 1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಊರಿನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಅಧ್ಯಾಪಕರು ಎರಡು ಪೀಚ್ ಹಣ್ಣಿನ ಬುಟ್ಟಿಗಳನ್ನು ಬಾಲ್ಕನಿಗೆ ಹೊಡೆದು ಈ ಆಟವನ್ನು ಆರಂಭಿಸಿದರು. ಅಂದು ಪಕ್ಷಕ್ಕೆ ಒಂಬತ್ತು ಮಂದಿ. ಐವರು ಎಂಬುದು ಆಮೇಲೆ ಬಂದ ಕಟ್ಟಳೆ. ಅವರು ವೈ.ಎಂ.ಸಿ.ಎ. ಶಾಲೆಯವರು. ಅದೇ ಸಂಸ್ಥೆಯ ಹ್ಯಾರಿ ಕ್ರೋ ಬಕ್ ಅವರು 1920ರಲ್ಲಿ ಮದ್ರಾಸಿನಲ್ಲಿ ದೈಹಿಕ ಶಿಕ್ಷಣ ಕಾಲೇಜನ್ನು ತೆರೆದರು. ಅಲ್ಲಿ ಕಲಿತ ಡ್ರಿಲ್ ಮಾಸ್ತರರು ದಕ್ಷಿಣದ ಶಾಲೆಗಳಿಗೆ ಈ ಆಟವನ್ನು ಹಂಚಿದರು. ಇತ್ತ ನಿಯಮ ಮಾಡುವವರು ಎತ್ತರದವರನ್ನು ಕಂಡಾಗಲೆಲ್ಲ ರಿಂಗಿನಿಂದ ದೂರ ತಳ್ಳುತ್ತಲೇ ಬಂದರು. 1936ರಲ್ಲಿ ಮೂರು ಸೆಕೆಂಡಿನ ನಿಯಮ ಬಂದಿತು. ರಿಂಗಿನ ಮುಂದಿನ ಪಟ್ಟಿಯಲ್ಲಿ ಆಕ್ರಮಣದ ಪಕ್ಷದವರು ಅದಕ್ಕಿಂತ ಹೆಚ್ಚು ಹೊತ್ತು ನಿಲ್ಲುವಂತಿಲ್ಲ. 6 ಅಡಿ 10 ಅಂಗುಲದ ಜಾರ್ಜ್ ಮೈಕನ್ ಎದುರಾಳಿಗಳಿಗೆ ಅಸಾಧ್ಯನಾದಾಗ, ಅಮೆರಿಕದ ವೃತ್ತಿಪರ ಲೀಗು 1951ರಲ್ಲಿ 6 ಅಡಿ ಅಗಲದ ಆ ಪಟ್ಟಿಯನ್ನು 12 ಅಡಿ ಮಾಡಿತು. 1984ರಲ್ಲಿ ಅಂತರರಾಷ್ಟ್ರೀಯ ಆಟಕ್ಕೂ ಮೂರು ಅಂಕದ ಗೆರೆ ಬಂದಿತು. ಇಂದು ಆ ಗೆರೆ ರಿಂಗಿನಿಂದ 6.75 ಮೀಟರ್ ದೂರದಲ್ಲಿದೆ. ದೂರದಿಂದ ಎಸೆಯಬಲ್ಲ ಗಿಡ್ಡ ಹುಡುಗನಿಗೆ ಒಂದು ಅಂಕ ಹೆಚ್ಚು ದೊರೆಯಿತು. ಎತ್ತರವೆಂಬುದು ವರವಾದರೂ ಅದನ್ನು ಉಪಯೋಗಿಸುವ ಜಾಗ ಮತ್ತು ಕಾಲ ಎರಡೂ ಕಿರಿದಾದವು.

ಈಗ ಮನೆಯ ಮಾತಿಗೆ ಬರುತ್ತೇನೆ. ನನ್ನ ಮೊಮ್ಮಗ ಹದಿನೆಂಟು ತುಂಬುವಷ್ಟರಲ್ಲಿ 6 ಅಡಿ 4 ಅಂಗುಲ ಬೆಳೆದ. ದ್ರಾಕ್ಷಿ ಚಪ್ಪರದ ಕೆಳಗೆ ಬೆನ್ನು ಬಗ್ಗಿಸದೆ ಅವನು ನಡೆಯಲಾರ. ದಿಂಡುಗಲ್ಲಿನ ಕಡೆಯ ಒಂದು ಕಾಲೇಜು ಅವನ ಎತ್ತರ ನೋಡಿಯೇ ಕ್ರೀಡಾ ವಿಭಾಗದಲ್ಲಿ ಸೀಟು ಕೊಟ್ಟಿತು, ಹಾಸ್ಟೆಲ್ ಶುಲ್ಕವನ್ನೂ ಮಾಫಿ ಮಾಡಿತು. ಆ ವರ್ಷ ದ್ರಾಕ್ಷಿಗೆ ರೋಗ ತಗುಲಿ ಮಗನ ಕೈಯಲ್ಲಿ ಹಣವಿರಲಿಲ್ಲ. ಆ ಮಾಫಿ ನಮಗೆ ದೊಡ್ಡ ಆಸರೆ. ಆದರೆ ಮೊದಲ ಅಂತರ ಕಾಲೇಜು ಪಂದ್ಯಾವಳಿಯಲ್ಲಿ ತರಬೇತುದಾರರು ಆರಂಭದ ಐವರಲ್ಲಿ ಅವನನ್ನು ಸೇರಿಸಲಿಲ್ಲ. ಆರು ಅಡಿಯೂ ಇಲ್ಲದ ಚುರುಕಿನ ಐವರನ್ನು ಇಳಿಸಿದರು. ಮೊಮ್ಮಗ ಬೆಂಚಿನ ಮೇಲೆ ಕುಳಿತ. ಎರಡನೆಯ ಪಂದ್ಯದಲ್ಲಿಯೂ ಹಾಗೆಯೇ ಆಯಿತು. “ತಾತ, ನಾನು ತಂಡ ಬಿಟ್ಟುಬಿಡುತ್ತೇನೆ” ಎಂದ. ತಂಡ ಬಿಟ್ಟರೆ ಮಾಫಿಯೂ ಹೋಗುತ್ತದೆ, ಪ್ರಾಯಶಃ ಓದೂ ನಿಲ್ಲುತ್ತದೆ.

ಮನೆಯವರ ಸಿಟ್ಟು ಸಹಜವಾದದ್ದು. “ಅಪ್ಪ, ಆ ಕಾಲೇಜಿನಲ್ಲಿ ನಿಮ್ಮ ಶಿಷ್ಯರೇ ಇಬ್ಬರು ಅಧ್ಯಾಪಕರಿದ್ದಾರೆ, ಪ್ರಾಂಶುಪಾಲರಿಗೆ ಒಂದು ಕಾಗದ ಬರೆಯಿರಿ” ಎಂದು ಮಗ ಒತ್ತಾಯಿಸಿದ. ಅನೇಕ ವರ್ಷ ಮುಖ್ಯೋಪಾಧ್ಯಾಯನಾಗಿದ್ದವನಿಗೆ ಅಂಥ ಕಾಗದಗಳ ಬೆಲೆ ಗೊತ್ತು. ಅವು ಹುಡುಗನನ್ನು ಅಂಗಣಕ್ಕೆ ಇಳಿಸಬಲ್ಲವು. ಜೊತೆಯವರು ಅವನಿಗೆ ಚೆಂಡು ಕೊಡುವಂತೆ ಮಾಡಲಾರವು. ನಾನು ಕಾಗದ ಬರೆಯಲಿಲ್ಲ. ಮುಂದಿನ ಪಂದ್ಯಕ್ಕೆ ಹಳೆಯ ಹಾಜರಿ ಪುಸ್ತಕವೊಂದನ್ನು ಹಿಡಿದು ಬಸ್ಸು ಹತ್ತಿದೆ. ಚೆಂಡನ್ನು ನೋಡುವುದನ್ನು ಬಿಟ್ಟು, ಮೊಮ್ಮಗ ಒಳಗಿದ್ದಷ್ಟು ಹೊತ್ತು ಅವನ ಕಾಲುಗಳನ್ನೇ ನೋಡಿ ಬರೆದುಕೊಂಡೆ.

ಕಂಡದ್ದು ಇಷ್ಟು. ಆ ತಂಡದ ಬಲವೆಂದರೆ ಒಬ್ಬ ಗಿಡ್ಡ ಗಾರ್ಡ್. ಬಲಗಡೆಯಿಂದ ಚೆಂಡನ್ನು ಪುಟಿಸುತ್ತ ಬಾಣದಂತೆ ರಿಂಗಿನತ್ತ ನುಗ್ಗುವುದು ಅವನ ವಿದ್ಯೆ. ನನ್ನ ಮೊಮ್ಮಗ ಶಾಲೆಯಲ್ಲಿ ಕಲಿತಂತೆ ರಿಂಗಿನ ಬಲಮಗ್ಗುಲಲ್ಲಿ ಬೆನ್ನು ಕೊಟ್ಟು, ಕೈಯೆತ್ತಿ ನಿಲ್ಲುತ್ತಿದ್ದ. ಅವನು ಅಲ್ಲಿ ನಿಂತರೆ ಅವನನ್ನು ಕಾಯುವ ಎದುರಾಳಿಯೂ ಅಲ್ಲಿಯೇ ನಿಲ್ಲುತ್ತಾನೆ. ಆ ಎದುರಾಳಿಯೇ ಗಾರ್ಡ್ ನುಗ್ಗಬೇಕಾದ ದಾರಿಗೆ ಗೋಡೆ. ಗಿಡ್ಡ ಐವರು ಆಡುವಾಗ ಐವರೂ ಹೊರಗೆ ಹರಡಿಕೊಳ್ಳುತ್ತಿದ್ದರು. ಒಳಗೆ ಬಯಲು ಸಿಕ್ಕುತ್ತಿತ್ತು. ತರಬೇತುದಾರರ ಆಯ್ಕೆಗೆ ಕಾರಣವಿತ್ತು.

ಆದರೆ ನ್ಯಾಯದ ಇನ್ನೊಂದು ಮಗ್ಗುಲೂ ಆ ಪುಸ್ತಕದಲ್ಲಿ ದಾಖಲಾಯಿತು. ಗಿಡ್ಡ ಐವರ ಎಸೆತ ತಪ್ಪಿದಾಗ ಮರಳಿ ಬಂದ ಚೆಂಡು ಬಹುಪಾಲು ಎದುರಾಳಿಗಳ ಪಾಲಾಗುತ್ತಿತ್ತು. ಮೊಮ್ಮಗ ಇದ್ದಾಗ ಹಾಗಾಗುತ್ತಿರಲಿಲ್ಲ. ಅವನು ಚೆಂಡನ್ನು ಹಿಡಿದು ಒಡನೆಯೇ ಗಾರ್ಡಿಗೆ ಎಸೆದಾಗ ಆ ಓಟದ ಆಟ ಇನ್ನೂ ವೇಗವಾಗಿ ಸಾಗುತ್ತಿತ್ತು. ಓಡುವ ತಂಡಕ್ಕೂ ಓಟವನ್ನು ಆರಂಭಿಸಿಕೊಡುವವನೊಬ್ಬ ಬೇಕು. ಆ ಕೆಲಸಕ್ಕೆ ಅಂಕದ ಪಟ್ಟಿಯಲ್ಲಿ ಮನ್ನಣೆಯಿಲ್ಲ, ಅಷ್ಟೆ.

ದ್ರಾಕ್ಷಿ ತೋಟದವರಿಗೆ ಇದನ್ನು ವಿವರಿಸುವುದು ಸುಲಭ. ನಮ್ಮ ಕಣಿವೆಯ ಚಪ್ಪರಗಳನ್ನು ಕಲ್ಲುಕಂಬಗಳ ಮೇಲೆ ತಂತಿ ಎಳೆದು ಕಟ್ಟುತ್ತಾರೆ. ಕಂಬ ಹಣ್ಣು ಬಿಡುವುದಿಲ್ಲ. ಬಳ್ಳಿ ಹರಡುವ ಕಡೆ ಅದನ್ನು ನಿಲ್ಲಿಸಬೇಕು. ಆಳು ನಡೆಯುವ ದಾರಿಯಲ್ಲಿ ನಿಲ್ಲಿಸಿದರೆ ಅದೇ ಅಡ್ಡಿ. ಒಳ್ಳೆಯ ಕಂಬವೇ ಆದರೂ ಜಾಗ ತಪ್ಪಿದರೆ ಪ್ರಯೋಜನವಿಲ್ಲ. ಆದರೆ ಕಂಬವೇ ಬೇಡವೆಂದು ಚಪ್ಪರ ಕಟ್ಟಿದವರನ್ನೂ ನಾನು ಕಂಡಿಲ್ಲ.

ಎತ್ತರದವನು ನಿಲ್ಲಬಹುದಾದ ಜಾಗಗಳು ಮುಖ್ಯವಾಗಿ ಮೂರು. ಮೊದಲನೆಯದು ರಿಂಗಿನ ಮಗ್ಗುಲು, ಲೋ ಪೋಸ್ಟ್. ಅಲ್ಲಿ ಚೆಂಡು ಸಿಕ್ಕರೆ ಎದುರಾಳಿಗಳು ಇಬ್ಬರು ಕೂಡಿ ಅವನನ್ನು ಮುತ್ತುತ್ತಾರೆ. ಆಗ ಹೊರಗೆ ಒಬ್ಬ ಆಟಗಾರ ಒಂಟಿಯಾಗಿ ಉಳಿಯುತ್ತಾನೆ. ಆ ಒಂಟಿಯಾದವನಿಗೆ ದೂರದಿಂದ ಗುರಿ ಹಿಡಿಯುವ ಶಕ್ತಿಯಿಲ್ಲದಿದ್ದರೆ ಎದುರಾಳಿಗೆ ನಷ್ಟವೇ ಇಲ್ಲ. ಎಂದರೆ ಒಳಗಿನವನ ಬೆಲೆಯನ್ನು ಹೊರಗಿನವರ ಕೈಗುಣ ನಿರ್ಧರಿಸುತ್ತದೆ. ಎರಡನೆಯದು ಫ್ರೀ ಥ್ರೋ ಗೆರೆಯ ಹತ್ತಿರದ ಹೈ ಪೋಸ್ಟ್. ಅಲ್ಲಿ ನಿಂತರೆ ರಿಂಗಿನ ಕೆಳಗೆ ಬಯಲಾಗುತ್ತದೆ, ಓಡಿ ಬರುವ ಜೊತೆಗಾರರಿಗೆ ಅವನು ಚೆಂಡು ಹಂಚಬಹುದು. ಆದರೆ ಅವನಿಗೆ ಅಲ್ಲಿಂದ ಎಸೆಯಲೂ ಬರಬೇಕು, ಇಲ್ಲವಾದರೆ ಯಾರೂ ಅವನನ್ನು ಕಾಯಲು ಮುಂದೆ ಬರುವುದಿಲ್ಲ. ಮೂರನೆಯದು ನಿಶ್ಚಿತ ಜಾಗವಲ್ಲ. ಗಾರ್ಡಿನ ಬಳಿಗೆ ಹೋಗಿ ಎದುರಾಳಿಗೆ ಅಡ್ಡಲಾಗಿ ನಿಂತು, ದಾರಿ ಬಿಡಿಸಿಕೊಟ್ಟು, ಒಡನೆ ತಿರುಗಿ ರಿಂಗಿಗೆ ಓಡುವುದು. ಪೆರಿಯಕುಳಂಗೆ ಬರುವ ದೊಡ್ಡ ತಂಡಗಳ ಸೆಂಟರ್ ಆಟಗಾರರು ಮೂರನ್ನೂ ಮಾಡಬಲ್ಲರು.

ಕಾಲೇಜು ಆಟದ ಮಹಾಗುರುವೆಂದು ಹೆಸರಾದ ಅಮೆರಿಕದ ಜಾನ್ ವುಡನ್ ಅವರ ಉದಾಹರಣೆಯನ್ನು ಮೊಮ್ಮಗನಿಗೂ ಮಗನಿಗೂ ಹೇಳಿದೆ. ಲಾಸ್ ಏಂಜಲಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅವರ ತಂಡ 1964ರಲ್ಲಿ 30 ಪಂದ್ಯಗಳನ್ನು ಆಡಿ ಮೂವತ್ತನ್ನೂ ಗೆದ್ದಿತು. ಆರಂಭದ ಐವರಲ್ಲಿ ಯಾರೂ 6 ಅಡಿ 5 ಅಂಗುಲ ಮೀರಿರಲಿಲ್ಲ. ಅಂಗಣದ ಉದ್ದಕ್ಕೂ ಎದುರಾಳಿಯನ್ನು ಒತ್ತಿ ಹಿಡಿಯುವುದೇ ಅವರ ತಂತ್ರ. ಕೆಲವೇ ವರ್ಷಗಳಲ್ಲಿ ಅವರ ಬಳಿಗೆ 7 ಅಡಿ 2 ಅಂಗುಲದ ಲ್ಯೂ ಅಲ್ಸಿಂಡರ್ ಬಂದ. ಮುಂದೆ ಕರೀಮ್ ಅಬ್ದುಲ್ ಜಬ್ಬಾರ್ ಎಂದು ಪ್ರಖ್ಯಾತನಾದವನು ಈತನೇ. ಗೆದ್ದ ತಂತ್ರವೆಂದು ವುಡನ್ ಹಳೆಯದಕ್ಕೆ ಅಂಟಿಕೊಳ್ಳಲಿಲ್ಲ. ತಾವು ರೂಢಿಯಲ್ಲಿಟ್ಟಿದ್ದ ಹೈ ಪೋಸ್ಟ್ ಪದ್ಧತಿಯನ್ನು ಬಿಟ್ಟು ಆತನಿಗಾಗಿ ಲೋ ಪೋಸ್ಟ್ ಆಟ ಕಟ್ಟಿದರು. 1967, 1968, 1969, ಮೂರು ವರ್ಷವೂ ಪ್ರಶಸ್ತಿ ಅವರದಾಯಿತು. ನಡುವೆ ಕಾಲೇಜು ಆಟದಲ್ಲಿ ಚೆಂಡನ್ನು ರಿಂಗಿನೊಳಗೆ ತುರುಕುವ ಡಂಕ್ ನಿಷೇಧವಾಯಿತು. ಆ ನಿಷೇಧ 1976ರವರೆಗೆ ಉಳಿಯಿತು. ಅಲ್ಸಿಂಡರ್ ತನ್ನ ಕೊಕ್ಕೆ ಎಸೆತವನ್ನು ಇನ್ನಷ್ಟು ಸಾಣೆ ಹಿಡಿದ.

ಗುರು ಶಿಷ್ಯನಿಗಾಗಿ ಪದ್ಧತಿ ಬದಲಿಸಿದ, ಶಿಷ್ಯ ನಿಯಮಕ್ಕೆ ತಕ್ಕಂತೆ ಕೈ ಬದಲಿಸಿದ. ಈ ಎರಡೂ ನಡೆದರೆ ಮಾತ್ರ ಎತ್ತರ ಫಲ ಕೊಡುತ್ತದೆ ಎಂಬುದೇ ನನ್ನ ತಿಳಿವಳಿಕೆ. ಎತ್ತರವೊಂದೇ ಬಾಗಿಲು ತೆರೆಯಬಹುದು. 2015ರಲ್ಲಿ 7 ಅಡಿ 2 ಅಂಗುಲದ ಪಂಜಾಬಿನ ಸತ್ನಾಮ್ ಸಿಂಗ್ ಅವರನ್ನು ಡಲ್ಲಾಸ್ ತಂಡ 52ನೆಯ ಆಯ್ಕೆಯಾಗಿ ತೆಗೆದುಕೊಂಡಾಗ ದೇಶವೇ ಹಿಗ್ಗಿತು. ಎನ್.ಬಿ.ಎ. ಲೀಗಿಗೆ ಹಾಗೆ ಆಯ್ಕೆಯಾದ ಮೊದಲ ಭಾರತೀಯ ಅವರು. ಆದರೆ ಮುಖ್ಯ ಲೀಗಿನ ಪಂದ್ಯವಾಡುವ ಅವಕಾಶ ಅವರಿಗೆ ಒದಗಲಿಲ್ಲ. ಆ ಹೊತ್ತಿಗೆ ಅಲ್ಲಿಯ ಆಟ ಓಡುವ, ದೂರದಿಂದ ಎಸೆಯುವ ಸೆಂಟರುಗಳತ್ತ ಹೊರಳುತ್ತಿತ್ತು. ಇದು ಅವರ ಶ್ರಮಕ್ಕೆ ಕುಂದಲ್ಲ. ಕಾಲ ಕೇಳುವ ಕೆಲಸ ಬದಲಾಗುತ್ತದೆ ಎಂಬುದಕ್ಕೆ ಸಾಕ್ಷಿ.

ಹಾಜರಿ ಪುಸ್ತಕವನ್ನು ಮೊಮ್ಮಗನ ಕೈಗೆ ಕೊಟ್ಟೆ. “ಇದನ್ನು ನಿನ್ನ ತರಬೇತುದಾರರ ಮುಂದಿಟ್ಟು ದೂರು ಹೇಳಬೇಡ. ನಾನು ಎಲ್ಲಿ ನಿಂತರೆ ನಿಮಗೆ ಅನುಕೂಲ ಎಂದು ಕೇಳು” ಎಂದೆ. ಅವನಿಗೆ ಅದು ರುಚಿಸಲಿಲ್ಲ. ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಮೂರನೆಯ ದಿನ ಹೋಗಿ ಕೇಳಿದ. ತರಬೇತುದಾರರು ಒಂದು ಗಳಿಗೆ ಸುಮ್ಮನಿದ್ದು, “ಗೆರೆಯ ಹತ್ತಿರ ನಿಂತು ಎಸೆಯುವುದನ್ನು ಕಲಿ, ಆಮೇಲೆ ನಾನು ಆಟವನ್ನು ಬದಲಿಸುತ್ತೇನೆ” ಎಂದರಂತೆ. ಆ ಬೇಸಿಗೆಯೆಲ್ಲ ಬೆಳಗಿನ ಐದೂವರೆಗೆ ಎದ್ದು, ಊರಿನ ಶಾಲೆಯ ಸಿಮೆಂಟು ಅಂಗಣದಲ್ಲಿ ಅದೇ ಗೆರೆಯಿಂದ ಎಸೆದ. ಚೆಂಡು ಹೆಕ್ಕಿ ಕೊಡುವ ಕೆಲಸ ಅವನ ಚಿಕ್ಕಪ್ಪನ ಮಗನದು.

ಮರುವರ್ಷ ತರಬೇತುದಾರರೂ ಮಾತು ಉಳಿಸಿಕೊಂಡರು. ನಾಲ್ವರು ಹೊರಗೆ, ಇವನೊಬ್ಬ ಗೆರೆಯ ಬಳಿ. ಆಗ ಒಂದು ಸೋಜಿಗ ನಡೆಯಿತು. ಇಬ್ಬರು ಎದುರಾಳಿಗಳು ಇವನನ್ನು ಮುತ್ತಿದಾಗ ಹಿಂದಿನಿಂದ ಬರುವವನು ಇವನಿಗೆ ಕಾಣುವುದಿಲ್ಲ. ಜೊತೆಯವರು ಕೂಗಿ ಎಚ್ಚರಿಸಬೇಕು. ತಮಿಳಿನಲ್ಲಿ ಕೂಗಿದರೆ ಎದುರಾಳಿಗೂ ತಿಳಿಯುತ್ತದೆ. ಮೊಮ್ಮಗ ತನ್ನ ತಂಡಕ್ಕೆ ನಮ್ಮ ಮನೆಮಾತಿನ ಒಂದು ಶಬ್ದ ಕಲಿಸಿದ: ‘ಹೊರಗೆ’. ಮಧುರೆ, ದಿಂಡುಗಲ್ಲಿನ ತಮಿಳು ಹುಡುಗರು ‘ಹೊರಗೆ, ಹೊರಗೆ’ ಎಂದು ಕೂಗುವುದನ್ನು ಈ ಕಿವಿಗಳಿಂದ ಕೇಳಿದ್ದೇನೆ. ಹಕಾರ ಕೆಲವರ ಬಾಯಲ್ಲಿ ಉಳಿಯಲಿಲ್ಲ, ಚೆಂಡು ಮಾತ್ರ ಸರಿಯಾದ ಕೈಗೇ ಹೋಯಿತು.

ಇಂದಿಗೂ ಅವನು ಎಲ್ಲ ಪಂದ್ಯಗಳಲ್ಲಿ ಆರಂಭದ ಐವರಲ್ಲಿರುವುದಿಲ್ಲ. ಎದುರಾಳಿ ತಂಡ ಚಿಕ್ಕದಾಗಿದ್ದು ಚುರುಕಾಗಿದ್ದರೆ ಆರನೆಯವನಾಗಿ ಇಳಿಯುತ್ತಾನೆ. ಎತ್ತರದ ತಂಡವಾದರೆ ಮೊದಲಿಗನಾಗಿ ಇಳಿಯುತ್ತಾನೆ. ಮಗನಿಗೆ ಈಗಲೂ ಸ್ವಲ್ಪ ಅಸಮಾಧಾನವಿದೆ. ಮೊಮ್ಮಗನಿಗೆ ಇಲ್ಲ. ಹಾಸ್ಟೆಲ್ ಮಾಫಿ ಮುಂದುವರಿದಿದೆ, ಅವನು ಮೂರನೆಯ ವರ್ಷದ ಬಿ.ಕಾಂ. ಓದುತ್ತಿದ್ದಾನೆ.

ಸಂಘದ ಮನೆಗಳಲ್ಲಿ ಎತ್ತರದ ಮಕ್ಕಳಿರುವ ತಂದೆತಾಯಿಯರಿಗೆ ಒಂದು ವಿನಂತಿ. ಈ ಬೇಸಿಗೆಯಲ್ಲಿ ಮಕ್ಕಳನ್ನು ಕರೆದುಕೊಂಡು ಪೆರಿಯಕುಳಂಗೆ ಹೋಗಿ. ಹತ್ತು ನಿಮಿಷದ ಒಂದು ಕ್ವಾರ್ಟರ್ ಪೂರ್ತಿ ಚೆಂಡನ್ನು ನೋಡದೆ, ಸೆಂಟರ್ ಆಟಗಾರನನ್ನೇ ನೋಡಿ. ಅವನು ಯಾರಿಗೆ ದಾರಿ ಬಿಟ್ಟ, ಯಾರಿಗಾಗಿ ಅಡ್ಡ ನಿಂತ, ಚೆಂಡು ಹಿಡಿದು ಮೊದಲು ಯಾರನ್ನು ಹುಡುಕಿದ ಎಂದು ಎಣಿಸಿ. ಮನೆಗೆ ಬಂದ ಮೇಲೆ ಮಗುವನ್ನು ‘ಎಷ್ಟು ಅಂಕ ಹೊಡೆದೆ’ ಎಂದು ಕೇಳುವ ಬದಲು ‘ಎಲ್ಲಿ ನಿಂತೆ’ ಎಂದು ಕೇಳುವುದು ನಿಮಗೆ ಸಹಜವಾದೀತು.