ಕಾವೇರಿಯ ಮರಳುಗಾಡಿಗೆ

ಮರಳುಗಾಡೆಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮವರ ಮನಸ್ಸು ರಾಜಸ್ಥಾನಕ್ಕೋ ಅರಬಸ್ಥಾನಕ್ಕೋ ಓಡುವುದು ವಾಡಿಕೆ. ಮಳೆಯ ನಾಡಾದ ಕೊಡಗಿನಲ್ಲಿ ಹುಟ್ಟಿದ ಕಾವೇರಿಯ ದಡದಲ್ಲಿಯೇ ಒಂದು ಮರಳುಗಾಡಿರುವುದನ್ನು ಓದಿ ತಿಳಿದವರು ಅನೇಕರು. ಆದರೆ ತೋಟದ ನೆರಳಿನಿಂದ ಹೊರಟು, ನದಿಯ ಇಳಿಜಾರನ್ನೇ ಅನುಸರಿಸಿ, ಆ ಮರಳಿನಲ್ಲಿ ಕಾಲಿಟ್ಟವರು ಕಡಮೆ. ಕಳೆದ ದಸರೆಯ ರಜೆಯಲ್ಲಿ ಆ ಅವಕಾಶವು ನಮ್ಮ ಕುಟುಂಬಕ್ಕೆ ಒದಗಿತು.

ನಮ್ಮ ಸೋದರಮಾವನವರ ಮನೆಯಿರುವುದು ನೆಲ್ಯಹುದಿಕೇರಿಯಲ್ಲಿ. ಆ ಊರಿಗೂ ಸಿದ್ದಾಪುರಕ್ಕೂ ನಡುವೆ ಕಾವೇರಿ ಹರಿಯುತ್ತಾಳೆ. ಎತ್ತರದ ಮರಗಳಿಗೆ ಹಬ್ಬಿದ ಕರಿಮೆಣಸಿನ ಬಳ್ಳಿ, ಕೆಳಗೆ ಕಾಫಿಯ ಗಿಡ, ಎಲ್ಲಿ ನೋಡಿದರೂ ತಂಪು. ಆದರೆ 2019ರ ಆಗಸ್ಟ್ ತಿಂಗಳ ಪ್ರವಾಹದಲ್ಲಿ ಇದೇ ನದಿಯು ಊರಿನ ಕುಂಬಾರಗುಂಡಿ, ಬೆಟ್ಟದಕಾಡುಗಳಲ್ಲಿ ದಡದ ಮನೆಗಳನ್ನು ಕೆಡವಿ ಅನೇಕ ಸಂಸಾರಗಳನ್ನು ನಿರಾಶ್ರಿತರನ್ನಾಗಿ ಮಾಡಿತು. ಮಾವನವರ ಮನೆ ಉಳಿಯಿತು. ಕೆಳಗಿನ ತೋಟದಲ್ಲಿ ಮಾತ್ರ ಮೊಣಕಾಲುದ್ದ ಮರಳು ನಿಂತು ಗಿಡಗಳು ಒಣಗಿದವು. ಅಂದಿನಿಂದ ಆ ಮನೆಯಲ್ಲಿ ಒಂದೇ ಚರ್ಚೆ. ಮಕ್ಕಳು ಮೇಲಿನ ದಿಣ್ಣೆಯಲ್ಲಿ ಹೊಸ ಮನೆ ಕಟ್ಟೋಣವೆನ್ನುವರು, ಮಾವನವರು, “ತಾಯಿಯ ಮಡಿಲನ್ನು ಬಿಟ್ಟು ಎಲ್ಲಿಗೆ ಹೋಗಲಿ?” ಎನ್ನುವರು.

ಹಿರಿಯರಿಗೂ ಬದಲಾವಣೆಯಾಗಲೆಂದು ಅವರನ್ನೂ ಅತ್ತೆಯವರನ್ನೂ ಕರೆದುಕೊಂಡು, ಬುತ್ತಿ ಕಟ್ಟಿಕೊಂಡು, ಬೆಳಗಿನ ಮಂಜಿನಲ್ಲಿಯೇ ಮೋಟಾರಿನಲ್ಲಿ ಹೊರಟೆವು. ತಲಕಾಡಿಗೆ 150 ಕಿಲೋಮೀಟರಿಗೂ ಮೀರಿದ ದಾರಿ. ನಂಜರಾಯಪಟ್ಟಣ, ಗುಡ್ಡೆಹೊಸೂರುಗಳನ್ನು ದಾಟಿ ಕುಶಾಲನಗರವನ್ನು ಕಳೆಯುತ್ತಲೇ ನೆರಳು ಹಿಂದೆ ಉಳಿಯಿತು. ಬೈಲುಕುಪ್ಪೆಯ ಜೋಳದ ಹೊಲಗಳು, ಪಿರಿಯಾಪಟ್ಟಣ ಹುಣಸೂರುಗಳ ಹೊಗೆಸೊಪ್ಪಿನ ಬಯಲುಗಳು ಒಂದಾದ ಮೇಲೊಂದು ಕಾಣಿಸಿಕೊಂಡವು. ಮೈಸೂರನ್ನು ಹಾದು, ಕಬಿನಿಯು ಕಾವೇರಿಯನ್ನು ಕೂಡುವ ತಿರುಮಕೂಡಲು ನರಸೀಪುರದಲ್ಲಿ ಕೈಕಾಲು ತೊಳೆದು, ಬುತ್ತಿಯನ್ನು ಬಿಚ್ಚಿದೆವು. ಸುತ್ತಲೂ ಗದ್ದೆಯ ಹಸುರು. ಇಂತಹ ಹಸುರಿನ ಪಕ್ಕದಲ್ಲಿ ಮರಳುಗಾಡೇ ಎಂದು ಮಕ್ಕಳು ನಂಬಲೊಲ್ಲರು.

ತಲಕಾಡನ್ನು ಸೇರಿ, ವೈದ್ಯನಾಥೇಶ್ವರನ ದರ್ಶನಮಾಡಿ, ಮುಂದೆ ನಡೆದಾಗ ಆ ಸಂದೇಹ ತಾನಾಗಿಯೇ ಹರಿಯಿತು. ದಿಬ್ಬದ ಹಿಂದೆ ದಿಬ್ಬ, ಕಾಲಿಟ್ಟಲ್ಲಿ ಕುಸಿಯುವ ಬಿಸಿ ಮರಳು! ಪಾತಾಳೇಶ್ವರ, ಮರುಳೇಶ್ವರರ ಗುಡಿಗಳಿಗೆ ಬಾವಿಗೆ ಇಳಿಯುವಂತೆ ಇಳಿಯಬೇಕು. ಇದು ಗಂಗರ ರಾಜಧಾನಿಯಾಗಿದ್ದ ನಗರ. ಚೋಳರ ಕೈಯಲ್ಲಿ ರಾಜರಾಜಪುರವೆನಿಸಿ, ಅವರನ್ನು ಗೆದ್ದ ಹೊಯ್ಸಳ ವಿಷ್ಣುವರ್ಧನನಿಗೆ ‘ತಲಕಾಡುಗೊಂಡ’ನೆಂಬ ಬಿರುದನ್ನು ತಂದಿತು. 1117ರಲ್ಲಿ ಅವನು ಕಟ್ಟಿಸಿದ ಕೀರ್ತಿನಾರಾಯಣನ ಗುಡಿಯನ್ನೂ ಮರಳಿನಿಂದ ಬಿಡಿಸಿ ತೆಗೆಯಬೇಕಾಯಿತು. ಮೂವತ್ತಕ್ಕೂ ಹೆಚ್ಚು ದೇವಾಲಯಗಳು ಈ ದಿಬ್ಬಗಳಡಿಯಲ್ಲಿ ಹೂತಿವೆಯೆಂದು ಹಳೆಯ ಗೆಜೆಟಿಯರು ಹೇಳುತ್ತದೆ.

ಈ ಮರಳಿಗೆ ಕಾರಣವಾಗಿ ಜನರು ಅಲಮೇಲಮ್ಮನ ಕಥೆಯನ್ನು ಹೇಳುತ್ತಾರೆ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡ ಬಳಿಕ, ಅಲ್ಲಿನ ವಿಜಯನಗರದ ಪ್ರತಿನಿಧಿಯಾಗಿದ್ದ ತಿರುಮಲರಾಜನ ಪತ್ನಿಯಾದ ಆಕೆ, ಒಡವೆಗಾಗಿ ಬಂದ ಭಟರಿಂದ ತಪ್ಪಿಸಿಕೊಂಡು, ಮಾಲಂಗಿಯ ಬಳಿ ನದಿಗೆ ಹಾರುವಾಗ ತಲಕಾಡು ಮರಳಾಗಲೆಂದು ಶಪಿಸಿದಳಂತೆ. ವಿದ್ವಾಂಸರ ವಿಚಾರ ಬೇರೆ. ತಲಕಾಡಿಗಿಂತ ಮೇಲೆ, ಹೆಮ್ಮಿಗೆಯ ಬಳಿ, 14ನೆಯ ಶತಮಾನದಲ್ಲಿಯೇ ಮಾಧವಮಂತ್ರಿಯ ಕಟ್ಟೆ ಎದ್ದಿತ್ತು. ಕಟ್ಟೆಯ ಕೆಳಗೆ ನೀರು ತಗ್ಗಿ, ನದಿಯ ತಿರುವಿನಲ್ಲಿ ಮರಳು ಬಯಲಾಗಿ, ನೈಋತ್ಯದ ಗಾಳಿ ಅದನ್ನು ಊರಿನ ಮೇಲೆ ತೂರಿತೆಂದು ಅವರ ಅಭಿಪ್ರಾಯ, ವಿಜ್ಞಾನಿ ಕೆ. ಎನ್. ಗಣೇಶಯ್ಯನವರು 2007ರಲ್ಲಿ ಇದನ್ನು ವಿಸ್ತಾರವಾಗಿ ಚರ್ಚಿಸಿದ್ದಾರೆ. ದಿಬ್ಬಗಳು ವರ್ಷಕ್ಕೆ 9–10 ಅಡಿಗಳಷ್ಟು ಮುಂದೊತ್ತುತ್ತಿದ್ದುವಂತೆ. ಒಂದು ರಾತ್ರಿಯಲ್ಲಿ ಬಂದ ವಿಪತ್ತಲ್ಲ. ತಲೆಮಾರುಗಳ ಕಣ್ಣೆದುರಿಗೇ ಬಂದುದು. ಈಗ ಗಾಳಿಮರ, ನೀಲಗಿರಿಗಳ ತೋಪುಗಳು ಆ ಮರಳನ್ನು ಬೇರಿನಿಂದ ಹಿಡಿದು ನಿಲ್ಲಿಸಿವೆ.

ಇಲ್ಲಿಗೆ ಹೋಗುವ ಗೃಹಸ್ಥರು ಬೆಳಗ್ಗೆಯಾಗಲಿ ಇಳಿಹೊತ್ತಿನಲ್ಲಾಗಲಿ ಹೋಗುವುದು ಲೇಸು. ನಡುಹಗಲಿನ ಮರಳು ಬರಿಗಾಲನ್ನು ಸುಡುತ್ತದೆ. ಹೊಳೆಯಲ್ಲಿ ನೀರು ಶಾಂತವಾಗಿ ಕಂಡರೂ ಸುಳಿಮಡುಗಳುಂಟು. ಮಕ್ಕಳನ್ನು ಒಂಟಿಯಾಗಿ ಇಳಿಸಬಾರದು.

ಸಂಜೆ ಗಾಳಿಮರಗಳ ನೆರಳಿನಲ್ಲಿ ಕುಳಿತಿದ್ದಾಗ ಅತ್ತೆಯವರು ಒಂದು ಹಿಡಿ ಮರಳನ್ನೆತ್ತಿ ಬೆರಳ ಸಂದಿನಿಂದ ಸುರಿಸುತ್ತ, “ನಮ್ಮ ಕೆಳಗಿನ ತೋಟದ್ದೂ ಹೀಗೆಯೇ ಇದೆಯಲ್ಲ,” ಎಂದರು. ಮಾವನವರು ಬಹಳ ಹೊತ್ತು ಮಾತನಾಡಲಿಲ್ಲ. ಕಳಸ ಮಾತ್ರ ಕಾಣುತ್ತಿದ್ದ ಗುಡಿಯೊಂದರ ಕಡೆಗೆ ನೋಡುತ್ತ, “ಇಲ್ಲಿಯವರಿಗೂ ತಾಯಿಯ ಮಡಿಲೇ ಆಗಿತ್ತಲ್ಲವೆ?” ಎಂದರು. ಮತ್ತೆ ಸ್ವಲ್ಪ ಹೊತ್ತಿನ ಮೇಲೆ, “ತಾಯಿಯಾದರೂ ಮಗ್ಗುಲು ಹೊರಳಿಸುವುದಕ್ಕೆ ಜಾಗ ಬೇಡವೆ? ಅಷ್ಟು ಬಿಟ್ಟುಕೊಟ್ಟು ಕೂರುವುದೇ ಮಕ್ಕಳ ಧರ್ಮ,” ಎಂದರು.

ಮಳೆಗಾಲಕ್ಕೆ ಮೊದಲೇ ದಿಣ್ಣೆಯ ಮೇಲೆ ಪಾಯ ತೋಡುವುದೆಂದೂ, ಮರಳು ನಿಂತ ತೋಟದ ಅಂಚಿಗೆ ಬಿದಿರು ನೆಡುವುದೆಂದೂ ಮೈಸೂರನ್ನು ಸೇರುವಷ್ಟರಲ್ಲಿಯೇ ನಿಶ್ಚಯವಾಯಿತು.